ಇಳಕಲ್ ಸೀರೆ ಉಟ್ಟು, ಒಗೆದು, ಎಳೆ ಸುಟ್ಟು ನೋಡಿದ ಮೇಲೆ

ಮಾಘದಲ್ಲಿ ಹುನಗುಂದಕ್ಕೆ ಮದುವೆಗೆ ಹೋಗಿದ್ದೆ. ಇಳಕಲ್ ಅಲ್ಲೇ ಹತ್ತಿರ ಅಲ್ವಾ, ಹೋಗಿ ಒಂದು ಕೈಮಗ್ಗದ ಸೀರೆ ತಂದೆ. ನವಿಲು ಹಸಿರು ಒಡಲು, ಗೋಮಿ ಅನ್ನುವ ವಿನ್ಯಾಸದ ದಡಿ (ಅಂಚು), ಕೆಂಪು ಬಿಳಿಯ ಸೆರಗು. 2,100 ರೂಪಾಯಿ. ಈ ಎಂಟು ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ಉಟ್ಟು ಕಾಲೇಜಿಗೆ ಹೋಗಿದ್ದೇನೆ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುವವಳು ನಾನು. ಬಟ್ಟೆ ಯಾಕೆ ಚೆನ್ನಾಗಿದೆ ಅಂತ ಕೆದಕುವ ಚಟ ಬಿಟ್ಟಿಲ್ಲ.

ಏಪ್ರಿಲ್‌ನ ಹುಬ್ಬಳ್ಳಿ ಬಿಸಿಲು, ಲ್ಯಾಬಿನಲ್ಲಿ ಬರ್ನರ್ ಉರಿ, ಫ್ಯಾನ್ ಹಾಕುವ ಹಾಗಿಲ್ಲ. ಅಲ್ಲಿ ಈ ಸೀರೆ ಗೆದ್ದಿತು. ಒಡಲು ಹತ್ತಿಯದು. 100 ಗ್ರಾಂ ಒಣ ಹತ್ತಿಯನ್ನು ಶೇ. 65ರಷ್ಟು ತೇವ ಇರುವ ಗಾಳಿಯಲ್ಲಿ ಸುಮ್ನೆ ಇಟ್ಟರೂ ಸುಮಾರು 8 ಗ್ರಾಂ ನೀರು ಎಳೆದುಕೊಳ್ಳುತ್ತದೆ. ಪಾಲಿಯೆಸ್ಟರ್ ಅರ್ಧ ಗ್ರಾಮೂ ಎಳೆಯುವುದಿಲ್ಲ. ಬೆವರಿಗೆ ಹೋಗಲು ಜಾಗ ಇರುವುದಿಲ್ಲ, ಬೆನ್ನಿಗೆ ಅಂಟಿಕೊಳ್ಳುತ್ತದೆ.

ಅದೂ ಅನುಭವದ ಮಾತೇ. ನಮ್ಮೂರಿನ ಅಂಗಡಿಯೊಂದರಲ್ಲಿ ‘ಪಕ್ಕಾ ಕಾಟನ್ ಇಳಕಲ್’ ಅಂತ ಹೇಳಿ 850ಕ್ಕೆ ಒಂದು ಸೀರೆ ಕೊಟ್ಟಿದ್ದರು. ಅನುಮಾನ ಬಂದು ಎಳೆ ಕಿತ್ತು ಚಿಮಟದಲ್ಲಿ ಹಿಡಿದು ಸುಟ್ಟೆ. ಹಾಸಿನ ಎಳೆ, ಅಂದರೆ ಉದ್ದಕ್ಕೆ ಹೋಗುವ ಎಳೆ, ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಯಿತು. ಹೊಕ್ಕಿನದು, ಅಡ್ಡ ಎಳೆ, ಕರಗಿ ಗಟ್ಟಿ ಕರಿ ಮಣಿಯಾಯಿತು, ಅಂದರೆ ಪಾಲಿಯೆಸ್ಟರ್. ನೀವೂ ಸುಟ್ಟು ನೋಡುವುದಾದರೆ ಹಾಸು, ಹೊಕ್ಕು ಎರಡರ ಎಳೆಯನ್ನೂ ತೆಗೆಯಿರಿ. ಒಂದೇ ನೋಡಿದ್ದರೆ ನಾನೂ ಮೋಸ ಹೋಗುತ್ತಿದ್ದೆ.

ತಮಾಷೆ ಏನೆಂದರೆ, ಸ್ಟಾಫ್ ರೂಮಿನಲ್ಲಿ ಹೊಗಳಿಕೆ ಜಾಸ್ತಿ ಸಿಕ್ಕಿದ್ದು ಆ 850ರ ಸೀರೆಗೇ. ಸುಕ್ಕು ಬೀಳುವುದಿಲ್ಲ, ಇಸ್ತ್ರಿ ಬೇಡ. ಬಣ್ಣ ಕೇಳಿದರು, ರೇಟು ಕೇಳಿದರು, ನೂಲು ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ದು ನಮ್ಮ ಅತ್ತೆ ಮಾತ್ರ. ಅವರು ಸೀರೆಯ ಬಣ್ಣ ನೋಡುವ ಮೊದಲೇ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆ ತಿಕ್ಕಿ, ‘ಇದು ಬ್ಯಾಸಗಿಗೆ ಆಗೂದಿಲ್ಲ ಬಿಡವಾ’ ಅಂದರು. ನನಗೆ ಬೆಂಕಿಕಡ್ಡಿ ಬೇಕಾಯಿತು, ಅವರಿಗೆ ಬೆರಳು ಸಾಕಾಯಿತು.

ಈಗ ಸೆರಗಿನ ವಿಷಯ. ಇಳಕಲ್‌ನ ವಿಶೇಷವೇ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಹಾಗಾಗಿ ಉದ್ದನೆಯ ಒಂದೇ ಹಾಸಿನಲ್ಲಿ ಸಾಲಾಗಿ ಸೀರೆ ನೇಯ್ದು ಕತ್ತರಿಸಲು ಬರುವುದಿಲ್ಲ, ಪ್ರತಿ ಸೀರೆಗೂ ಅದರದ್ದೇ ಹಾಸು. ನನ್ನ ಸೀರೆಯ ಸೆರಗು ರೇಷ್ಮೆಯಲ್ಲ. ನೇಕಾರರೇ ಹೇಳಿದರು, ‘ಆರ್ಟ್ ಸಿಲ್ಕ್ ಐತ್ರೀ ಅಕ್ಕಾರ, ಸೆರಗ ಹಿಂಡಬ್ಯಾಡ್ರಿ.’ ನಾನು ಹಿಂಡಿದೆ. ಎರಡನೇ ಒಗೆತಕ್ಕೇ ಸೆರಗಿನ ತುದಿ ಜೋಲಿತು, ಎರಡು ಕಡೆ ಎಳೆ ಹರಿಯಿತು.

ತಪ್ಪು ನನ್ನದೇ, ಪಾಠ ಹೇಳುವವಳಿಗೆ ಗೊತ್ತಿರಬೇಕಿತ್ತು. ಇಲ್ಲಿ ಆರ್ಟ್ ಸಿಲ್ಕ್ ಅಂದರೆ ರೇಯಾನ್, ಕೃತಕ ರೇಷ್ಮೆ. ಅದು ಒದ್ದೆಯಾದಾಗ ಹೆಚ್ಚುಕಡಿಮೆ ಅರ್ಧ ಬಲ ಕಳೆದುಕೊಳ್ಳುತ್ತದೆ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತದೆ. ಒಂದೇ ಬಕೆಟ್ಟಿನಲ್ಲಿ ಒಂದು ಹಿಗ್ಗುವುದು, ಇನ್ನೊಂದು ಸೊರಗುವುದು. ಅಷ್ಟಾದರೂ ನಡುವಿನ ಕೊಂಡಿ ಒಂದೂ ಬಿಚ್ಚಿಲ್ಲ. ಭೂತಗನ್ನಡಿ ಇಟ್ಟು ನೋಡಿದ್ದೇನೆ.

ದೂರು ಒಂದೇ, ಕೆಂಪು ಬಣ್ಣ ಬಿಟ್ಟು ಸೆರಗಿನ ಬಿಳಿ ಪಟ್ಟೆ ಈಗ ನಸುಗೆಂಪು. ಉಪ್ಪು ನೀರಿನಲ್ಲಿ ನೆನೆಸಿ ಅಂತ ಎಲ್ಲರೂ ಸಲಹೆ ಕೊಟ್ಟರು. ಉಪ್ಪು ಬೇಕಾಗುವುದು ಬಣ್ಣ ಹಾಕುವಾಗ. ಆಮೇಲೆ ಎಷ್ಟು ಹಾಕಿದರೂ ಬಿಡುವ ಬಣ್ಣ ನಿಲ್ಲುವುದಿಲ್ಲ. ತಣ್ಣೀರು, ಬೇರೆ ಬಕೆಟ್ಟು, ನೆರಳಿನಲ್ಲಿ ಒಣಗಿಸುವುದು, ಅಷ್ಟೇ.

ಐದಕ್ಕೆ ನಾಲ್ಕು ಕೊಡುತ್ತೇನೆ. ದೀಪಾವಳಿಗೆ ಅತ್ತೆಗೂ ಒಂದು ಬೇಕು, ಅವರು ಉಡುವುದು ಒಂಬತ್ತು ಗಜದ್ದು. ಫೋನ್ ಮಾಡಿದರೆ ನೇಕಾರರು, ‘ಅದಕ್ಕ ಬ್ಯಾರೆ ಹಾಸು ಹಾಕಬೇಕ್ರೀ, ಈಗ ಹೇಳಿದ್ದು ಚಲೋ ಆತು’ ಅಂದರು.