ಎಲೆಕ್ಟ್ರಾನಿಕ್ ತಂಬೂರಿ: ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಸಿಗುವವರಿಗೆ

ಸಂಗೀತ ಪಾಠಕ್ಕೆ ಸೇರಿದವರು ಕೇಳುವ ಮೊದಲ ಪ್ರಶ್ನೆ ಇದು: ಹಾಡುವಾಗ ಹಿನ್ನೆಲೆಯಲ್ಲಿ ಶ್ರುತಿಯ ನಾದ ಕೊಡುವ ಪುಟ್ಟ ಪೆಟ್ಟಿಗೆ, ಅಂದರೆ ಎಲೆಕ್ಟ್ರಾನಿಕ್ ತಂಬೂರಿ ಕೊಳ್ಳಬೇಕಾ, ಮೊಬೈಲಿನ ಆ್ಯಪ್ ಸಾಕಾ? ಕೊಳ್ಳಿ ಅಂತಲೇ ನನ್ನ ಉತ್ತರ. ಅದರಲ್ಲೂ ಬಿಡುವು ಕಡಿಮೆ ಇರುವವರು ತಪ್ಪದೆ ಕೊಳ್ಳಿ.

ನಾನು ಶಿವಮೊಗ್ಗದಲ್ಲಿ ಹೈಸ್ಕೂಲಿನ ಗಣಿತ ಟೀಚರ್. ಪಾಠಕ್ಕೆ ಸೇರಿದ್ದು ಮಗಳು ಕಾಲೇಜಿಗೆ ಹೋದ ಮೇಲೆ. ಬೆಳಿಗ್ಗೆ ಹಾಲು ಕಾಯಿಸಿಟ್ಟು, ತಿಂಡಿಗೆ ಒಗ್ಗರಣೆ ಹಾಕುವ ಮುಂಚೆ ಇಪ್ಪತ್ತು ನಿಮಿಷ ಸಿಗುತ್ತದೆ. ನನ್ನ ಸಾಧಕದ ಹೊತ್ತು ಅಷ್ಟೇ. ವಾರಕ್ಕೆ ಆರು ದಿನ ಅಂತಿಟ್ಟುಕೊಂಡರೂ ಎರಡು ಗಂಟೆ. ವರ್ಷಕ್ಕೆ 104 ಗಂಟೆ. ಸಂಸಾರ, ನೌಕರಿ ಎರಡೂ ಇರುವವರಿಗೆ ನೂರು ಗಂಟೆ ಒಟ್ಟಿಗೆ ಯಾರು ಕೊಡುತ್ತಾರೆ? ಹೀಗೆ ಚೂರು ಚೂರಾಗಿ ಕೂಡಿಸಿಕೊಳ್ಳಬೇಕು.

ಮನೆಯಲ್ಲಿ ಅತ್ತೆಯವರ ತಂಬೂರಿ ಇದೆ. ತಂಜಾವೂರಿನದು, ಹಲಸಿನ ಮರದ್ದು. ಅದರ ನಾದದ ಮುಂದೆ ಯಾವ ಪೆಟ್ಟಿಗೆಯೂ ನಿಲ್ಲುವುದಿಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಶ್ರುತಿ ನಿಲ್ಲುವುದಿಲ್ಲ. ನಾಲ್ಕೂ ತಂತಿಯ ಬಿರಡೆ ತಿರುಗಿಸಿ, ತಂತಿಗಳು ಕೂತಿರುವ ಕುದುರೆಯ ಮೇಲೆ, ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ದಾರ ಸರಿಸಿ, ನಾದ ಅರಳುವ ಜಾಗ ಹುಡುಕುವಷ್ಟರಲ್ಲಿ ಏಳು ನಿಮಿಷ ಹೋಗಿರುತ್ತದೆ. ಇಪ್ಪತ್ತರಲ್ಲಿ ಏಳು! ವರ್ಷದ ಲೆಕ್ಕದಲ್ಲಿ 36 ಗಂಟೆ ಬರೀ ಶ್ರುತಿ ಮಾಡುವುದಕ್ಕೇ ಆಯಿತು. ಪೆಟ್ಟಿಗೆಯಲ್ಲಿ ಸ್ವಿಚ್ ಒತ್ತಿದರೆ ಷಡ್ಜ, ಅಂದರೆ ಆಧಾರದ 'ಸಾ' ಸ್ವರ, ರೆಡಿ. ನಾನು ಅದಕ್ಕೆ ಕೊಟ್ಟದ್ದು ಐದು ಸಾವಿರದ ಆಸುಪಾಸು. ಆ 36 ಗಂಟೆಗೆ ಇದು ದುಬಾರಿ ಅಲ್ಲವೇ ಅಲ್ಲ.

ಈ ಯಂತ್ರ ನಮ್ಮ ಕಡೆಯದೇ ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಮೊದಲ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ್ದು ಬೆಂಗಳೂರಿನ ರೇಡೆಲ್ ಕಂಪನಿಯ ಜಿ. ರಾಜ್ ನಾರಾಯಣ್, 1979ರಲ್ಲಿ. ಅವರು ಇಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಹಾಡುವವರ ಕಷ್ಟ ಗೊತ್ತಿದ್ದವರು ಮಾಡಿದ್ದು ಅಂತ ನನಗೆ ಹೆಮ್ಮೆ. ಈಗ ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳೂ ಸಿಗುತ್ತವೆ.

ಇನ್ನು ಕೆಲಸಕ್ಕೆ ಬರೋಣ. ನನ್ನ ಶ್ರುತಿ ಐದೂವರೆ ಮನೆ (ಶ್ರುತಿಯ ಎತ್ತರವನ್ನು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತಾರೆ). ಅಲ್ಲಿ ಷಡ್ಜ ಸುಮಾರು 208 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿ ಹಾಕಿ, ಅದರ ಲಯವನ್ನು ನಿಧಾನಕ್ಕೆ ಇಳಿಸಿ, ಬರೀ 'ಸಾ' ಅಂತ ಎಳೆದು ನಿಲ್ಲಿಸಿ ನೋಡಿ. ಗಂಟಲು ಒಂಚೂರು ಮೇಲೆ ಹೋಗಿ 210 ಆಯಿತು ಅನ್ನಿ. ಆಗ ಎರಡು ನಾದಕ್ಕೂ ಜಗಳ ಹತ್ತುತ್ತದೆ. ಸೆಕೆಂಡಿಗೆ ಎರಡು ಸಲ ಕಿವಿಯಲ್ಲಿ 'ವಾಂವ್ ವಾಂವ್' ಅಂತ ಅಲೆ ಏಳುತ್ತದೆ. ಧ್ವನಿಯನ್ನು ಮೆಲ್ಲಗೆ ಇಳಿಸುತ್ತಾ ಬಂದರೆ ಅಲೆ ನಿಧಾನವಾಗುತ್ತದೆ, ಆಮೇಲೆ ಪೂರ್ತಿ ನಿಲ್ಲುತ್ತದೆ. ನಿಂತ ಕ್ಷಣ ಗೊತ್ತಾಗಿಬಿಡುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ಶಬ್ದದ ಪಾಠ ಮಾಡುವ ವಿಜ್ಞಾನದ ಟೀಚರ್‌ಗೆ ಇದನ್ನು ತೋರಿಸಿದೆ. ಅವರು ಪೆಟ್ಟಿಗೆ ತರಿಸಿಕೊಂಡು ಕ್ಲಾಸಿನಲ್ಲೇ ಹಾಡಿಸಿದರು.

ಆದರೆ ಒಂದೇ ದಿನ ಮೂರು ಗಂಟೆ ಕೂತರೆ ಈ ಕಿವಿ ಬರುವುದಿಲ್ಲ. ಸಂಗೀತ ಪಾಠದ ಟೀಚರ್ ಮೊದಲ ದಿನವೇ ಹೇಳಿದ್ದರು, "ಬರೀ ಭಾನುವಾರ ಹಿಡಿದುಕೊಂಡು ಹಾಡಬೇಡ ಕಣಮ್ಮ. ದಿನಾ ಸ್ವಲ್ಪ ಹಾಡು. ಗಂಟಲಿಗಿಂತ ಕಿವಿ ನಿಧಾನ." ನಿಜವೇ. ಮೊದಲ ಪಾಠವಾದ ಸರಳಿ ವರಸೆ ಮಾಯಾಮಾಳವಗೌಳ ರಾಗದಲ್ಲಿ ಶುರುವಾಗುತ್ತದೆ. ಆ ಕ್ರಮ ಹಾಕಿಕೊಟ್ಟವರು ಪುರಂದರದಾಸರು ಅಂತ ಎಲ್ಲರೂ ನಂಬುತ್ತಾರೆ. ಅಲ್ಲಿ ಶುದ್ಧ ರಿಷಭ, ಅಂದರೆ 'ರಿ', ಷಡ್ಜಕ್ಕೆ ಅಂಟಿಕೊಂಡ ಹಾಗೆ ಇರುತ್ತದೆ. ಹೊಸಬರ ರಿಷಭ ಮೇಲಕ್ಕೆ ಜಾರುತ್ತದೆ, ನನ್ನದೂ ಜಾರುತ್ತಿತ್ತು. ತಿಂಗಳುಗಟ್ಟಲೆ ಏನೂ ಬದಲಾದ ಹಾಗೆ ಅನಿಸಲಿಲ್ಲ. ಆಮೇಲೆ ಸ್ವರಗಳನ್ನು ಜೋಡಿ ಜೋಡಿಯಾಗಿ ಹಾಡುವ ಜಂಟಿ ವರಸೆಯ ಹೊತ್ತಿಗೆ, 'ಸಸ ರಿರಿ' ಅಂತ ಎರಡನೇ ಸ್ವರಕ್ಕೆ ಒತ್ತು ಕೊಡುವಾಗ, ರಿಷಭ ಕೂರಬೇಕಾದ ಕಡೆ ತಾನೇ ಕೂರುತ್ತಿತ್ತು. ಯಾವ ದಿನ ಬಂತು ಅಂತ ಹೇಳುವ ಹಾಗಿಲ್ಲ.

ಶಾಲೆಯಲ್ಲೂ ಇದರ ಫಲ ಕಂಡೆ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಿಕ್ಕಾಪಟ್ಟೆ ಎತ್ತರದಲ್ಲಿ ಶುರು ಮಾಡುತ್ತಿದ್ದರು. ಮೇಲಿನ ಸ್ವರಕ್ಕೆ ಹೋಗುವಾಗ ಗಂಡುಮಕ್ಕಳ ಗಂಟಲು ಒಡೆಯುತ್ತಿತ್ತು. ಈಗ ನಾನು ಮುಂದೆ ನಿಂತು, ಎರಡು ಮನೆ ಇಳಿಸಿ ಷಡ್ಜ ಹಿಡಿದು ಕೊಡುತ್ತೇನೆ. ಹಿಂದಿನ ಸಾಲಿನ ಹುಡುಗರೂ ಬಾಯಿಬಿಟ್ಟು ಹಾಡುತ್ತಾರೆ. ಹೆಡ್‌ಮಾಸ್ಟರ್ ವಾರ್ಷಿಕೋತ್ಸವದ ಗುಂಪುಗಾನ ನನಗೇ ವಹಿಸಿದ್ದಾರೆ. ಮನೆಯಲ್ಲಿ ಅತ್ತೆ ಮತ್ತೆ ಗುನುಗುವುದಕ್ಕೆ ಶುರು ಮಾಡಿದ್ದಾರೆ. ನಾನು ಅಲಂಕಾರ (ಬೇರೆ ಬೇರೆ ತಾಳಗಳ ಸ್ವರಪಾಠ) ಹಾಡುವಾಗ ದೇವರ ಮನೆಯಿಂದ ತಾಳದ ಸದ್ದು ಕೇಳುತ್ತದೆ. ಝಂಪೆ ತಾಳ ತಪ್ಪಿದರೆ ಅಲ್ಲಿಂದಲೇ "ಊಂ ಹೂಂ" ಅನ್ನುತ್ತಾರೆ.

ಕೊರತೆಗಳೂ ಇವೆ. ನಾನು ಕೊಂಡ ಪೆಟ್ಟಿಗೆಯ ಸ್ಪೀಕರ್ ಚಿಕ್ಕದು, ಮಂದ್ರ, ಅಂದರೆ ಕೆಳಗಿನ ಸ್ವರದ, ತಂತಿಯ ತುಂಬು ನಾದ ಅದರಲ್ಲಿ ಬರುವುದಿಲ್ಲ. ಹೊರಗಿನ ಸ್ಪೀಕರಿಗೆ ಜೋಡಿಸಿದರೆ ಪರವಾಗಿಲ್ಲ. ಅಡಾಪ್ಟರಿನ ಪಿನ್ ಸಡಿಲ, ಅಲುಗಿದರೆ ಆಫ್ ಆಗುತ್ತದೆ. ಜೀವಾಳದ ಆ ಝೇಂಕಾರವಂತೂ ಬರೀ ನೆರಳು ಬಂದ ಹಾಗೆ ಬರುತ್ತದೆ. ಅದಕ್ಕೇ ರಜೆಯ ದಿನ ಅತ್ತೆಯವರ ತಂಬೂರಿಯನ್ನೇ ಇಳಿಸುತ್ತೇನೆ.

ಮೊಬೈಲ್ ಆ್ಯಪ್‌ಗಳಲ್ಲಿ ಕೆಲವದರ ನಾದ ಇದಕ್ಕಿಂತ ಚೆನ್ನಾಗಿದೆ, ಒಪ್ಪುತ್ತೇನೆ. ತೊಂದರೆ ಇರುವುದು ಮೊಬೈಲಿನಲ್ಲಿ. ಶ್ರುತಿ ಹಾಕಲು ಕೈಗೆತ್ತಿಕೊಂಡರೆ ಸ್ಟಾಫ್ ಗ್ರೂಪಿನ ಮೆಸೇಜು ಕಾಣುತ್ತದೆ, ಉತ್ತರ ಕೊಡಬೇಕು ಅನಿಸುತ್ತದೆ, ಇಪ್ಪತ್ತು ನಿಮಿಷ ಅಲ್ಲಿಗೆ ಮುಗಿಯಿತು. ಪೆಟ್ಟಿಗೆಗೆ ತಂಬೂರಿ ಬಿಟ್ಟು ಬೇರೆ ಕೆಲಸ ಗೊತ್ತಿಲ್ಲ. ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಗುಣ.

ಕೊಳ್ಳುವವರು ಆನ್‌ಲೈನಿನಲ್ಲಿ ಸುಮ್ನೆ ಆರ್ಡರ್ ಮಾಡಬೇಡಿ. ಬೆಂಗಳೂರಿಗೆ ಹೋದಾಗ ಬಳೆಪೇಟೆಯ ವಾದ್ಯದ ಅಂಗಡಿಗಳಲ್ಲಿ ಎರಡು ಮೂರು ಹಾಕಿಸಿ ಕೇಳಿ. ನಿಮ್ಮ ಶ್ರುತಿಯ ಮನೆಗೆ ಇಟ್ಟು, ಅಲ್ಲೇ 'ಸಾ' ಹಾಡಿ ನೋಡಿ, ನಾಚಿಕೆ ಬೇಡ. ಪಂಚಮ ('ಪ') ಅಲ್ಲದೆ ಮಧ್ಯಮ ('ಮ') ಶ್ರುತಿಗೂ ಗುಂಡಿ ಇರಲಿ. ಮುಂದೆ ಪುನ್ನಾಗವರಾಳಿ, ಕುರಂಜಿ ರಾಗ ಕಲಿಯುವಾಗ ಬೇಕಾಗುತ್ತದೆ. ಬ್ಯಾಟರಿಯಲ್ಲೂ ನಡೆಯುವಂಥದ್ದೇ ಇರಲಿ. ಬೆಳಿಗ್ಗೆ ಕರೆಂಟು ಹೋಗುವ ಊರಿನವರು ಇದೊಂದನ್ನು ಮರೆಯಬೇಡಿ.