ವರ್ಕ್‌ಬುಕ್, ಕಾರ್ಡು, ಹೊಂಗೆ ಮರ: ಮನೆಪಾಠಕ್ಕೆ ಯಾವುದು ವಾಸಿ?

ನಮ್ಮ ಮಕ್ಕಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾರೆ. ಮಗಳಿಗೆ ಎಂಟು, ಮಗನಿಗೆ ಐದೂವರೆ. ಯುಗಾದಿ ಹತ್ತಿರ ಬಂದರೆ ಮೈಸೂರಿನಲ್ಲೂ ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ. ಮಧ್ಯಾಹ್ನದ ಮೇಲೆ ಯಾರ ತಲೆಯೂ ಓಡುವುದಿಲ್ಲ, ನನ್ನದೂ ಸೇರಿಸಿ. ಹಾಗಾಗಿ ಪಾಠಕ್ಕೆ ಉಳಿಯುವುದು ಬೆಳಗಿನ ಹೊತ್ತು ಮಾತ್ರ. ಅದನ್ನು ಯಾವುದಕ್ಕೆ ಕೊಡಬೇಕು ಅನ್ನುವುದೇ ಪ್ರಶ್ನೆ. ಅಂಗಡಿಯ ವರ್ಕ್‌ಬುಕ್, ಸರ್ಕಾರಿ ಶಾಲೆಯ ನಲಿ-ಕಲಿ ಮಾದರಿಯ ಅಕ್ಷರದ ಕಾರ್ಡು, ಬೀದಿಯ ಮರ, ಮೂರನ್ನೂ ಮಾಡಿ ನೋಡಿದ್ದೇವೆ.

ವರ್ಕ್‌ಬುಕ್ಕಿನ ದೊಡ್ಡ ಲಾಭ ಅಮ್ಮನಿಗೆ ಬಿಡುವು. "ಈ ಪುಟ ಮುಗಿಸು" ಅಂದರೆ ಇಡ್ಲಿ ಬೇಯುವ ತನಕ ಮನೆ ತಣ್ಣಗಿರುತ್ತದೆ. ಮಗಳಿಗೆ ಕೂಡುವ, ಕಳೆಯುವ ಲೆಕ್ಕದ ಅಭ್ಯಾಸಕ್ಕೆ ಅದು ಸಾಕು. ಮಗನಿಗೆ ಮಾತ್ರ ಆಗಿಬರಲಿಲ್ಲ. ಅ, ಆ, ಇ, ಈ ಅಂತ ಸಾಲಾಗಿ ತಿದ್ದುತ್ತಾ ಹೋದ. ಋಷಿಯ ಗಡ್ಡಕ್ಕೆ ಹಸಿರು ಬಣ್ಣ ಬಳಿದ. ಔ ಮುಗಿದರೂ ಓದಲು ಒಂದು ಪದ ಬರಲಿಲ್ಲ. ಬರೀ ಸ್ವರ ಇಟ್ಟುಕೊಂಡು ಎಷ್ಟು ಪದ ಕಟ್ಟಬಹುದು ಹೇಳಿ?

ಕಾರ್ಡು ಗೆದ್ದದ್ದು ಇಲ್ಲೇ. ನಲಿ-ಕಲಿ 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಪದ್ಧತಿ. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಅವರವರ ವೇಗದಲ್ಲಿ ಕಲಿಯುತ್ತಾರೆ. ಅದರಲ್ಲಿ ಅಕ್ಷರಗಳು ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ಅರಸ, ಗರಗಸ ಎಲ್ಲ ಓದಬಹುದು. ದಸರ ಕೂಡ! ಮೈಸೂರಿನ ಹುಡುಗ ತಾನೇ ಕಾರ್ಡು ಜೋಡಿಸಿ "ದಸರ" ಅಂತ ಓದಿದ ಮೇಲೆ ಸುಮ್ನೆ ಕೂರುತ್ತಾನಾ? ಅಜ್ಜಿಗೆ ಫೋನು, ಎದುರು ಮನೆಗೆ ಮೆರವಣಿಗೆ.

ಕಾರ್ಡಿಗೆ ದುಡ್ಡು ಬೇಕಿಲ್ಲ. ಮದುವೆ ಕಾಲದಲ್ಲಿ ಲಗ್ನಪತ್ರಿಕೆಗೆ ಬರವೇ? ಹಿಂಬದಿ ಖಾಲಿ ಇರುವುದನ್ನು ಕತ್ತರಿಸಿದರೆ ಆಯಿತು. ಆದರೆ ಕತ್ತರಿಸಿ, ಬರೆದು ಜೋಡಿಸಲು ರಾತ್ರಿ ನಿದ್ದೆಗೆಟ್ಟು ಕೂರುವವರು ನಾವೇ. ಫ್ಯಾನ್ ಹಾಕಿದರೆ ಎಲ್ಲ ಹಾರುತ್ತವೆ, ಹಾಕದಿದ್ದರೆ ಬೆವರು. ಮಗಳಿಗಂತೂ ಈ ಆಟ ಬೇಗ ಬೇಸರ ತರಿಸಿತು.

ಅವಳನ್ನು ಹಿಡಿದಿಟ್ಟದ್ದು ಮರ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಎಲೆ, ಹೂವು, ಕಾಯಿ ನೋಡಿ ಬರೆದು ಕಳಿಸುವುದು. ಚಿಗುರು ಇಲ್ಲವೇ ಇಲ್ಲವಾ, ಸ್ವಲ್ಪ ಇದೆಯಾ, ಜಾಸ್ತಿ ಇದೆಯಾ? ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ, ಅದನ್ನು ಮೀರಿದರೆ ಜಾಸ್ತಿ. ನಾವು ಹಿಡಿದದ್ದು ಬೀದಿ ಕೊನೆಯ ಹೊಂಗೆ. ಅದರ ಕೆಳಗೆ ಅಕ್ಕ-ತಮ್ಮನಿಗೆ ಜಗಳವೋ ಜಗಳ. ಅವನಿಗೆ ಎಲ್ಲವೂ ಜಾಸ್ತಿ. ಅವಳು ಒಂದು ಕಣ್ಣು ಮುಚ್ಚಿ ಬೆರಳಲ್ಲಿ ಮರವನ್ನು ಮೂರು ಪಾಲು ಮಾಡಿ ಅಳೆಯುತ್ತಾಳೆ. ಭಿನ್ನರಾಶಿ ಪಾಠವನ್ನು ನಾನು ಬೇರೆ ಮಾಡಬೇಕಾಗಲಿಲ್ಲ.

ಬೆಸ-ಸಮವೂ ಅಲ್ಲೇ ಸಿಕ್ಕಿತು. ಹೊಂಗೆಯ ಒಂದು ಕಡ್ಡಿಯಲ್ಲಿ ಐದೋ ಏಳೋ ಎಲೆ. ಎರಡೂ ಕಡೆ ಜೊತೆಜೊತೆಯಾಗಿ ಬಂದು ತುದಿಯಲ್ಲಿ ಒಂದು ಒಂಟಿ. ಪಕ್ಕದ ಹುಣಸೆಯ ಕಡ್ಡಿ ತಂದು ನೋಡಿದರೆ ತುದಿಯವರೆಗೂ ಜೋಡಿಯೇ, ಒಂಟಿ ಎಲೆ ಇಲ್ಲ. "ಹುಣಸೆಗೆ ಮಗ್ಗಿ ಬರುತ್ತೆ ಕಣಮ್ಮಾ, ಎರಡರದ್ದು" ಅಂದಳು. ಇದನ್ನು ಯಾವ ವರ್ಕ್‌ಬುಕ್ಕೂ ಹೇಳಿಸಿರಲಿಲ್ಲ.

ಹಾಗಂತ ಮರವೇ ಎಲ್ಲ ಕಲಿಸುತ್ತದೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಒತ್ತಕ್ಷರ ಮರದಲ್ಲಿ ಬಿಡುವುದಿಲ್ಲ. ಸಣ್ಣವನು ಅರ್ಧ ಹೊತ್ತು ಇರುವೆ ಸಾಲಿನ ಹಿಂದೆಯೇ. ದಾರಿಯಲ್ಲಿ ಹೋಗುವವರೆಲ್ಲ "ಇವತ್ತು ಸ್ಕೂಲ್ ಇಲ್ವಾ ಪುಟ್ಟಾ?" ಅಂತ ಕೇಳದೆ ಬಿಡುವುದಿಲ್ಲ. ಪರೀಕ್ಷೆ ಏನು ಮಾಡ್ತೀರಿ ಅನ್ನುವವರೂ ಉಂಟು. ಕೇಂದ್ರ ಸರ್ಕಾರದ ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್‌ನ ಮುಕ್ತ ಶಿಕ್ಷಣದಲ್ಲಿ ಎ ಹಂತ 3ನೇ ತರಗತಿಗೆ, ಬಿ 5ಕ್ಕೆ, ಸಿ 8ಕ್ಕೆ ಸಮ. ಆ ದಾರಿ ಇದೆ, ಅವಸರವಿಲ್ಲ.

ಈಗ ನಮ್ಮ ಮನೆಯಲ್ಲಿ ಮಗನಿಗೆ ಕಾರ್ಡು, ಮಗಳಿಗೆ ಮರ. ಒಂದನ್ನೇ ಆರಿಸಿ ಅಂದರೆ ಓದು ಬಾರದ ಮಗುವಿಗೆ ಕಣ್ಣುಮುಚ್ಚಿ ಕಾರ್ಡು ಅನ್ನುತ್ತೇನೆ. ವರ್ಕ್‌ಬುಕ್ ಬಸ್ಸಿನ ಬ್ಯಾಗಿಗೆ ಹೋಗಿದೆ, ಊರಿಗೆ ಹೋಗುವಾಗ ಕೆಲಸಕ್ಕೆ ಬರುತ್ತದೆ.

ಮರ ಹಿಡಿಯುವವರಿಗೆ ಒಂದು ಮಾತು. ಬೇವು, ಹೊಂಗೆ, ಹುಣಸೆ ಯಾವುದಾದರೂ ಸರಿ, ಮಾವು ಮಾತ್ರ ಬೇಡ. ಮಿಡಿ ಕಂಡ ದಿನದಿಂದ ಪೆನ್ಸಿಲ್ ಹಿಡಿಯುವವರು ಯಾರೂ ಇರುವುದಿಲ್ಲ, ಎಲ್ಲರ ಕೈಯಲ್ಲೂ ಕಲ್ಲು.