ಓರ್ಕಾಸೌಂಡ್ ಲೈವ್: ಎರಡು ತಿಂಗಳು ಕೇಳಿದ ಮೇಲೆ ಬರೀತಿದೀನಿ

ತಿಮಿಂಗಿಲದ ದನಿ ಕೇಳ್ತಾ ಹಾಯಾಗಿ ಮಲ್ಕೊಳೋಣ ಅಂತ ಓರ್ಕಾಸೌಂಡ್ ಲೈವ್ ಅನ್ನೋ ಈ ವೆಬ್‌ಸೈಟನ್ನ ಹಾಕೋಬೇಡಿ, ನಿದ್ದೆ ಬರಲ್ಲ. ನಾನು ಹಾಕ್ದಾಗೆಲ್ಲ ಹೆಚ್ಚಾಗಿ ಕೇಳಿಸಿದ್ದು ಹಡಗು. ಆದ್ರೂ ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಅದೂ ಆ ಹಡಗಿನ ಸದ್ದಿಗೋಸ್ಕರಾನೇ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೆನಡಾ ಗಡಿ ಹತ್ರ ಇರೋ ಸಮುದ್ರದಲ್ಲಿ ನೀರಿನ ಕೆಳಗೆ ಹೈಡ್ರೋಫೋನ್ ಇಟ್ಟಿದಾರೆ, ಅಂದ್ರೆ ನೀರೊಳಗಿನ ಮೈಕ್. ಅದರ ಸದ್ದು ಬ್ರೌಸರಲ್ಲಿ ಲೈವ್ ಬರತ್ತೆ, ದುಡ್ಡಿಲ್ಲ. ಜಾಗ ಆರಿಸ್ಕೊಂಡು ಪ್ಲೇ ಒತ್ತಿ, ಅಷ್ಟೇ. ತಿಮಿಂಗಿಲ ಕೂಗಿದ ಹಾಗೆ ಅನ್ಸಿದ್ರೆ ಅಲ್ಲೇ ತಿಳಿಸೋಕೂ ಬಟನ್ ಇದೆ. ಹೆಡ್‌ಫೋನ್ ಮಾತ್ರ ಬೇಕೇ ಬೇಕು, ಹಡಗಿನ ಸದ್ದಲ್ಲಿ ಜಾಸ್ತಿ ಇರೋದು ತಗ್ಗು ದನಿ, ಫೋನಿನ ಚಿಕ್ಕ ಸ್ಪೀಕರಲ್ಲಿ ಅದು ಬರೋದೇ ಇಲ್ಲ, ಸಮುದ್ರ ಶಾಂತವಾಗಿದೆ ಅನ್ಕೊಂಡ್ಬಿಡ್ತೀರ.

ಅಲ್ಲಿ ಬದುಕೋ ಸದರ್ನ್ ರೆಸಿಡೆಂಟ್ ಓರ್ಕಾಗಳು (ಓರ್ಕಾ ಅಂದ್ರೆ ಕಿಲ್ಲರ್ ವೇಲ್ ಅಂತಾರಲ್ಲ, ಅದೇ) ಜೆ, ಕೆ, ಎಲ್ ಅಂತ ಮೂರು ಗುಂಪು, ಎಲ್ಲ ಸೇರಿಸಿದ್ರೂ ನೂರಿಲ್ಲ, ಎಪ್ಪತ್ತು ಚಿಲ್ಲರೆ. 2005ರಲ್ಲೇ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆಯ ಪಟ್ಟಿಗೆ ಸೇರಿವೆ. ಇವು ತಿನ್ನೋದು ಮುಖ್ಯವಾಗಿ ಚಿನೂಕ್ ಸಾಲ್ಮನ್ ಮೀನು, ಅದನ್ನ ಹುಡುಕೋದು ಕಣ್ಣಿಂದಲ್ಲ, ಟಿಕ್ ಟಿಕ್ ಅಂತ ಸದ್ದು ಬಿಟ್ಟು ಮೀನಿಗೆ ಬಡಿದು ವಾಪಸ್ ಬರೋ ಪ್ರತಿಧ್ವನಿ ಕೇಳಿಸ್ಕೊಂಡು. ಆ ಪ್ರತಿಧ್ವನಿ ಮುಚ್ಚಿಹೋದ್ರೆ ಊಟ ಇಲ್ಲ.

ಒಂದಿನ ಅಮೆರಿಕ-ಕೆನಡಾ ಗಡಿಯಲ್ಲಿರೋ ಹಾರೋ ಜಲಸಂಧಿ ಕಡೆಯ ಮೈಕ್ ಹಾಕಿದ್ದೆ, ಕೂಗು ಕೇಳ್ಸೋಕೆ ಶುರುವಾಯ್ತು, ಮಗು ಕೀರಲು ದನಿಯಲ್ಲಿ ಕರೆದ ಹಾಗೆ, ಒಂದಾದ್ಮೇಲೆ ಒಂದು, ಮೈ ಜುಂ ಅಂತು. ಸ್ವಲ್ಪ ಹೊತ್ತಲ್ಲೇ ಅಡಿಯಿಂದ ಗುಂಯ್ ಅಂತ ಹಡಗಿನ ಸದ್ದು ಎದ್ದು, ಏರ್ತಾ ಏರ್ತಾ, ಕೊನೆಗೆ ಬೇರೇನೂ ಕೇಳಿಸ್ಲಿಲ್ಲ. ಹಡಗು ದಾಟಿ ಹೋಗೋವರೆಗೂ ಕಾದೆ. ಕೂಗು ಮತ್ತೆ ಬರ್ಲಿಲ್ಲ. ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ ನೀರಲ್ಲಿ ಗುಳ್ಳೆ ಎದ್ದು ಒಡೆಯತ್ತೆ, ಸದ್ದಿನ ದೊಡ್ಡ ಪಾಲು ಅದೇ, ಹಾಗಾಗಿ ವೇಗ ಇಳಿಸಿದ್ರೆ ಸದ್ದೂ ಇಳಿಯತ್ತೆ. ಇದು ಬರೀ ಮಾತಲ್ಲ, 2017ರಲ್ಲಿ ಕೆನಡಾದ ವ್ಯಾಂಕೂವರ್ ಬಂದರಿನ ಎಕೋ ಅನ್ನೋ ಸದ್ದು ತಗ್ಗಿಸೋ ಪ್ರೋಗ್ರಾಂನವರು ಇದೇ ಹಾರೋದಲ್ಲಿ ಹಡಗುಗಳಿಗೆ 11 ನಾಟ್‌ನಲ್ಲಿ (ಗಂಟೆಗೆ ಸುಮಾರು 20 ಕಿ.ಮೀ.) ಹೋಗಿ ಅಂತ ಕೇಳ್ಕೊಂಡು ಅಳೆದು ನೋಡಿದಾರೆ, ಕಡಿಮೆಯಾಯ್ತು.

ನನಗೆ ಹೊಟ್ಟೆ ಉರಿಯೋದು ಆ "ಕೇಳ್ಕೊಂಡು" ಅನ್ನೋ ಪದಕ್ಕೆ. ವಾಷಿಂಗ್ಟನ್ ರಾಜ್ಯದಲ್ಲಿ 2025ರ ಜನವರಿಯಿಂದ ದೋಣಿಗಳು ಈ ಓರ್ಕಾಗಳಿಂದ 1,000 ಗಜ ದೂರ ಇರಬೇಕು ಅಂತ ಕಾನೂನಿದೆ, ಒಳ್ಳೇದೇ, ಆದ್ರೆ ಹಡಗು ದಾರಿಯಲ್ಲಿ ಸಾಗೋ ದೊಡ್ಡ ಸರಕು ಹಡಗಿಗೆ ಅದರಿಂದ ವಿನಾಯಿತಿ. ಅಮೆರಿಕದ 1972ರ ಸಮುದ್ರ ಸಸ್ತನಿಗಳ ಕಾಯ್ದೆ ಅಡಿ ನೀರೊಳಗೆ ಜೋರು ಸದ್ದು ಬಿಡೋಕೆ ನೌಕಾಪಡೆಯವರು ಸೋನಾರ್‌ಗೆ, ತೈಲ ಕಂಪನಿಗಳು ಸಮುದ್ರತಳದ ಸರ್ವೇಗೆ ಅನುಮತಿ ತಗೋತಾರೆ, ದಿನಾ ಓಡಾಡೋ ಹಡಗನ್ನ ಯಾರೂ ಕೇಳಲ್ಲ. ಅಂತಾರಾಷ್ಟ್ರೀಯ ಕಡಲ ಸಂಸ್ಥೆ 2014ರಲ್ಲಿ ಸದ್ದು ತಗ್ಗಿಸೋ ಮಾರ್ಗಸೂಚಿ ತಂತು, 2023ರಲ್ಲಿ ಪರಿಷ್ಕರಿಸಿತು, ಎರಡೂ ಐಚ್ಛಿಕ. ಬಹಳ ಹಡಗಿನವರು ಒಪ್ಪಿ ನಿಧಾನ ಮಾಡ್ತಾರೆ, ಅವರಿಗೆ ನಿಜವಾಗ್ಲೂ ಥ್ಯಾಂಕ್ಸ್, ಆದ್ರೆ ಒಪ್ಪದ ಒಂದೇ ಒಂದು ಹಡಗು ಸಾಕು ಇಡೀ ಜಲಸಂಧಿ ತುಂಬೋಕೆ, ಅದನ್ನ ನನ್ನ ಕಿವಿಯಲ್ಲೇ ಕೇಳಿದೀನಿ, ಅದಕ್ಕೇ ವೇಗದ ಮಿತಿ ಕಾಯ್ದೆಯಲ್ಲೇ ಬರಬೇಕು ಅಂತ ನಾನು ಹೇಳೋದು.

ಹೊಸಬರು ಬುಷ್ ಪಾಯಿಂಟ್ ಮೈಕಿಂದ ಶುರು ಮಾಡಿ. ಅದಿರೋ ಅಡ್ಮಿರಾಲ್ಟಿ ಇನ್ಲೆಟ್‌ನಲ್ಲಿ ಕ್ವೈಟ್ ಸೌಂಡ್ ಅನ್ನೋ ಸಂಸ್ಥೆಯವರು 2022ರಿಂದ ಶರತ್ಕಾಲ ಶುರುವಾದ್ಮೇಲೆ ಹಡಗುಗಳಿಗೆ ನಿಧಾನ ಹೋಗಿ ಅಂತ ಕೇಳ್ಕೋತಾರೆ. ಆ ತಿಂಗಳುಗಳಲ್ಲಿ ಒಂದ್ಸಲ ಕೇಳಿ, ಬೇಸಿಗೆಯಲ್ಲಿ ಒಂದ್ಸಲ ಕೇಳಿ, ಅದೇ ವಾಲ್ಯೂಮಲ್ಲಿ.